ಎರಡು ಪದರದ ನಡುವಿನ ಎರಡು ಸೆಕೆಂಡು

ಎಲ್ಲವನ್ನೂ ಬರೆದಿಡುವವರಿಗೆ ಒಂದು ಭ್ರಮೆ ಇರುತ್ತದೆ, ಬರೆದಿಟ್ಟದ್ದು ತಪ್ಪುವುದಿಲ್ಲ ಎಂದು. ನನಗೂ ಇದೆ. ಅಂಕೋಲೆಯ ಬಸ್ಸು ಎಷ್ಟು ನಿಮಿಷ ತಡ, ಅಮ್ಮ ದಿನಕ್ಕೆ ಎಷ್ಟು ಸಲ "ನಿನ್ನ ಡೈರಿ ಒಲೆಗೆ ಹಾಕ್ತೆ" ಅಂದಳು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ನಾಲ್ಕು ದಿನವಿರುವಾಗ ಗಣಪತಿ ಮಾವ ಕಾರವಾರದಿಂದ ಬೆಳಂಬಾರದ ನಮ್ಮ ಮನೆಗೆ ಬಂದ. ಅಮ್ಮನ ಅಣ್ಣ, ಟ್ರಾಲರ್ ಬೋಟು ನಡೆಸುವ ತಾಂಡೇಲ. ಕೈಯಲ್ಲಿ ಮಗಳ ಮದುವೆಯ ಸಿನಿಮಾ ಇದ್ದ ಪೆನ್‌ಡ್ರೈವ್. "ಮದ್ವೆ ದಿನ ಬಡಿಸೂದು, ಬೆವರು ಒರಸೂದು ಇಷ್ಟೇ ಆಯ್ತು ತಮಾ. ಮಗಳ ಮದ್ವೆ ನಾ ನೋಡ್ಲೇ ಇಲ್ಲ. ಹತ್ತು ದಿನ ಸಮುದ್ರದಲ್ಲಿ ಇರ್ತೆ, ಕೂತ್ಕಂಡು ನೋಡ್ತೆ" ಅಂದ. ಬೋಟಿನಲ್ಲಿರುವುದು ಹಳೆಯ ಡಿವಿಡಿ ಪೆಟ್ಟಿಗೆ. ಪೆನ್‌ಡ್ರೈವ್ ತೂರಿಸಲು ಅದಕ್ಕೆ ಕಿಂಡಿಯೇ ಇಲ್ಲ.

ಮೊದಲು ಸಿನಿಮಾದ ಗಾತ್ರ ಹಿಂಡಿ ಸಾಧಾರಣ ಡಿಸ್ಕಿಗೆ ತುಂಬಿಸಿದೆ. ಅಮ್ಮ ನೋಡಿ, "ಇದು ಯಾರ ಮದ್ವೆಯಾ? ಮದುಮಗಳ ಮುಖ ಗಂಜಿ ಆಗ್ಯದೆ" ಅಂದಳು. ಹಿಂಡದೆ ಹಿಡಿಸಬೇಕೆಂದರೆ ಹೆಚ್ಚುಕಡಿಮೆ ದುಪ್ಪಟ್ಟು ಹಿಡಿಯುವ ಎರಡು ಪದರದ ಡಿಸ್ಕು ಬೇಕು. ಕಾರವಾರವೆಲ್ಲ ಸುತ್ತಿ ಒಂದು ಅಂಗಡಿಯ ತಳದ ಕಪಾಟಿನಲ್ಲಿ ಎರಡು ಸಿಕ್ಕವು. ಊರಿಗೇ ಎರಡು.

ಅವುಗಳಲ್ಲೊಂದು ಬುಧವಾರ ಸತ್ತಿತು. ಡಿಸ್ಕು ಬರೆಯುತ್ತಿರುವಾಗಲೇ ಅಮ್ಮ ಮೀನು ಸಾರಿಗೆ ಕಾಯಿ ಬೀಸಲು ಮಿಕ್ಸಿ ಒತ್ತಿದಳು; ನಮ್ಮ ಮನೆಯ ಕರೆಂಟಿಗೆ ಕಾಯಿ, ಕಂಪ್ಯೂಟರ್ ಎರಡನ್ನೂ ಹೊರುವ ತ್ರಾಣವಿಲ್ಲ. ಶುಕ್ರವಾರ ಬೆಳಿಗ್ಗೆ ಬೋಟು ಹೊರಡುವುದು. ಉಳಿದದ್ದು ಒಂದೇ ಡಿಸ್ಕು.

ಇನ್ನೊಂದು ತೊಡಕು. ಮೊದಲ ಪದರ ಮುಗಿದು ಎರಡನೆಯದಕ್ಕೆ ದಾಟುವಾಗ ಹಳೆಯ ಪೆಟ್ಟಿಗೆಗಳು ಎರಡು ಸೆಕೆಂಡು ತಡವರಿಸುತ್ತವೆ; ಅಷ್ಟು ಹೊತ್ತು ಚಿತ್ರ ನಿಂತುಬಿಡುತ್ತದೆ. ಅದು ಎಲ್ಲಿ ನಿಲ್ಲಬೇಕೆಂದು ಸಿನಿಮಾದ ನಡುಭಾಗದಲ್ಲಿ ನಾವೇ ಆರಿಸಬಹುದು. ನಿಮಿಷ ನಿಮಿಷವೂ ಡೈರಿಯಲ್ಲಿ ಪಟ್ಟಿ ಮಾಡಿದೆ. ಧಾರೆ, ಬೇಡ. ತಾಳಿ, ಬೇಡವೇ ಬೇಡ. ಅತ್ತೆಯ ಅಳು, ಬೇಡ. ಊಟದ ಪಂಕ್ತಿ: "ಇಪ್ಪತ್ತಮೂರು ಜನ. ಮುಖ್ಯರು ಯಾರೂ ಇಲ್ಲ." ಅಲ್ಲಿಗೇ ಗುರುತು ಹಾಕಿದೆ.

ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಶುರು ಮಾಡಿದೆ. ಫ್ಯಾನು, ಫ್ರಿಜ್ಜು, ಪಂಪು ಬಂದ್. "ಕಾಯಿ ಇಲ್ದೆ ಮೀನು ಸಾರು ಮಾಡೂಕೆ ನಾನೇನು ಘಟ್ಟದ ಮೇಲಿನವಳಾ?" ಎಂದು ಅಮ್ಮ ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು. ಅರವತ್ತೆರಡು ಶೇಕಡಾಕ್ಕೆ ದೀಪ ಒಮ್ಮೆ ಮಂಕಾಯಿತು. ಪಕ್ಕದ ಮನೆಯಲ್ಲಿ ಯಾರೋ ಕಾಯಿ ಬೀಸುತ್ತಿದ್ದರು! ನನಗಿಂತ ಮೊದಲು ಅಮ್ಮನೇ ಬೇಲಿಯ ಬಳಿ ಓಡಿದಳು: "ಏ ಸುಮಿತ್ರಾ, ನಿಲ್ಸೇ! ಅಣ್ಣನ ಮಗಳ ಮದ್ವೆ ನಡೀತಾ ಅದೆ!" ಮದುವೆಯಾಗಿ ಮೂರು ತಿಂಗಳಾಗಿತ್ತು. ಆದರೂ ಸುಮಿತ್ರಕ್ಕ ನಿಲ್ಲಿಸಿದಳು. ನೂರು ಶೇಕಡಾ ಆಯಿತು. ನಾವು ಬರೀ ಗಂಜಿ ಉಂಡೆವು.

ಹತ್ತು ದಿನ ಕಳೆದು ಮಾವ ಒಂದು ಬುಟ್ಟಿ ಬಂಗಡೆಯೊಂದಿಗೆ ಬಂದ. "ಚಿತ್ರ ಹೇಗೆ ಬಂದಿದೆ ಮಾವ?" ಎಂದು ಕೇಳಿದೆ.

"ಕನ್ನಡಿ ಹಾಂಗೆ! ಮಗಳ ಕಣ್ಣೀರು ಸುದ್ದಾ ಕಾಣ್ತದೆ. ಮೂರು ಸಲ ನೋಡ್ದೆ, ಮೂರು ಸಲವೂ ಕಣ್ಣು ಒರಸ್ಕಂಡೆ." ಆಮೇಲೆ ಮಾವ ನಗತೊಡಗಿದ. "ಊಟದ ಪಂಕ್ತೀಲಿ ಮಾತ್ರ ಗಕ್ಕನೆ ನಿಲ್ತದೆ ಮಾರಾಯಾ. ತುದಿಗೆ ಕೂತಂವ ಒಬ್ಬ ಬಾಯಿ ಕಳ್ಕಂಡು, ಅರ್ಧ ಜಿಲೇಬಿ ಒಳಗೆ, ಅರ್ಧ ಹೊರಗೆ! ಆ ಜಾಗ ಬಂತಂದ್ರೆ ಬೋಟಿನವ್ರೆಲ್ಲ ಬಲೆ ಬಿಟ್ಟು ಓಡಿ ಬರ್ತಿದ್ರು. 'ಯಾರು ತಾಂಡೇಲಾ ಇಂವ?' ಅಂದ್ರು. 'ಡಿಸ್ಕು ಮಾಡ್ದಂವ' ಅಂದೆ."

ಒಳಗೆ ಹೋಗಿ ಪೆನ್‌ಡ್ರೈವ್ ಹಾಕಿ ಪಂಕ್ತಿಯನ್ನು ಮತ್ತೆ ಎಣಿಸಿದೆ. ಇಪ್ಪತ್ತನಾಲ್ಕು. ಡೈರಿಯನ್ನು ತಿದ್ದಿದೆ. ಚಿತ್ರದ ಗುಣಮಟ್ಟದ ಬಗ್ಗೆ ಬರೆದ ಸಾಲಿನಲ್ಲಿ ಮಾತ್ರ ತಿದ್ದುವುದೇನೂ ಇರಲಿಲ್ಲ: ನನ್ನ ಗಲ್ಲದ ಮೇಲೆ ಇಳಿಯುತ್ತಿರುವ ಪಾಕ ಕೂಡ ಸ್ಪಷ್ಟ.