ಚೋಕ್ ಬಂದ್

“ಆಟೋ ಬ್ಯಾಡ, ಗೀಟೋ ಬ್ಯಾಡ. ಒಂದು ಕಿಕ್ಕು, ಇಪ್ಪತ್ತು ನಿಮಿಷ, ಮಕ್ತಲ್ ಬಸ್‌ಸ್ಟ್ಯಾಂಡು. ಬೇಕಾದ್ರ ಬರದಿಟ್ಕೋರಿ” ಎಂದು ಸುಶಮೀಂದ್ರಾಚಾರ್ಯರು ಡಿಸೆಂಬರಿನ ಆ ಚಳಿ ಬೆಳಿಗ್ಗೆ ಸರಿಯಾಗಿ ಎಂಟು ಗಂಟೆಗೆ ಮನೆಯ ಅಂಗಳದಲ್ಲಿ ನಿಂತು ಘೋಷಿಸಿದರು. ಘೋಷಣೆ ಕೇಳಿದವರು ಮೂವರು: ಹೆಂಡತಿ ಕೃಷ್ಣಪ್ರಿಯಾ, ತಾಯಿ ವಿಜಯಾಬಾಯಿ, ಮತ್ತು ಕೃಷ್ಣಪ್ರಿಯಾಳನ್ನು ಕರೆದೊಯ್ಯಲೆಂದೇ ಬಂದು ಬಾಗಿಲಲ್ಲಿ ನಿಂತಿದ್ದ ಆಟೋ ಎಲ್ಲಪ್ಪ.

“ನೋಡ್ರಿ ಸ್ವಾಮಿ, ಈಗ ಹೋದ್ನೆಂದ್ರ ನಾ ತಿರುಗಿ ಬರೋದು ಹನ್ನೊಂದಕ್ಕ” ಎಂದ ಎಲ್ಲಪ್ಪ.

“ಹೋಗೋ ಮಾರಾಯ. ನಿನ್ನ ಆಟೋ ಆ ಊರು ಈ ಊರು ಸುತ್ತಿ ಮುಟ್ಟೋದ್ರಾಗ ನಾ ಎರಡು ಸಲ ಹೋಗಿ ಬಂದಿರ್ತೀನಿ.”

ಎಲ್ಲಪ್ಪ ಹೋದ. ಆ ದಿನದ ನೆಮ್ಮದಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ.

ಕೃಷ್ಣಪ್ರಿಯಾ ಅಂದು ರಾಯಚೂರಿನ ರೇಡಿಯೋದವರ ಧ್ವನಿಪರೀಕ್ಷೆಗೆ ಹೋಗಬೇಕಿತ್ತು. ದಾಸರ ಪದ ಹಾಡುವುದರಲ್ಲಿ ಈ ಸೀಮೆಯಲ್ಲಿ ಆಕೆಗೆ ಸಾಟಿಯಿಲ್ಲ. ಆದರೆ ಮೊದಲ ಸಲ ಕರೆ ಬಂದಾಗ ಅತ್ತೆಗೆ ಜ್ವರ, ಎರಡನೆಯ ಸಲ ಗಂಡನ ದಫ್ತರದಲ್ಲಿ ತಪಾಸಣೆ. ಇದು ಮೂರನೆಯದು. ಇದೂ ತಪ್ಪಿದರೆ ನಾಲ್ಕನೆಯದು ಇರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಕ್ತಲ್‌ನಿಂದ ರಾಯಚೂರಿಗೆ ಬಸ್ಸು ಒಂಬತ್ತೂವರೆಗೆ. ಗಂಟಲು ಕೆಡಬಾರದೆಂದು ಆಕೆ ಎರಡು ದಿನದಿಂದ ಮೌನ ಹಿಡಿದಿದ್ದಳು. ಹೇಳುವುದೇನಿದ್ದರೂ ಕೈಸನ್ನೆ, ಇಲ್ಲವೇ ಫೋನಿನಲ್ಲಿ ಮೆಸೇಜು. ಎರಡು ದಿನ ಎದುರುತ್ತರವಿಲ್ಲದ ಮನೆಯಲ್ಲಿ ಆಚಾರ್ಯರ ಆತ್ಮವಿಶ್ವಾಸ ವಿಪರೀತ ಬೆಳೆದಿತ್ತು.

ಆ ಬೆಳವಣಿಗೆಯ ಫಲವೇ ಅಂಗಳದಲ್ಲಿ ನಿಂತಿದ್ದ ಡರ್ಟ್ ಬೈಕು. ಮಕ್ತಲ್ ರಸ್ತೆ ಅಗೆದು ಎಂಟು ತಿಂಗಳಾಗಿತ್ತು. ಆ ಎರೆಮಣ್ಣಿನಲ್ಲಿ ಆಚಾರ್ಯರ ಸ್ಕೂಟರು ಎರಡು ಸಲ ಮಲಗಿ, ಎರಡೂ ಸಲ ಅವರನ್ನೂ ಜೊತೆಗೆ ಮಲಗಿಸಿಕೊಂಡಿತ್ತು. ಸಿಟ್ಟಿಗೆದ್ದು ಗದ್ವಾಲದ ನರೇಂದರ್ ಎಂಬ ತೆಲುಗಿನವನಿಂದ ಈ ಹಳೆಯ ಗಾಡಿ ತಂದರು. ಎದೆಮಟ್ಟದ ಸೀಟು, ಮುಳ್ಳುಮುಳ್ಳು ಟೈರು, ಬಟನ್ ಒತ್ತಿದರೆ ಚಾಲೂ ಆಗುವ ಸೌಖ್ಯವಿಲ್ಲ, ಕಾಲಿನಿಂದಲೇ ಒದೆಯಬೇಕು. ಹಿಂದಿನ ಸಂಜೆ ನರೇಂದರ್ ತಾನೇ ಒದ್ದು ಚಾಲೂ ಮಾಡಿ ಕೊಟ್ಟಿದ್ದ. ಆಚಾರ್ಯರು ಜೂರಾಲ ಅಣೆಕಟ್ಟು ದಾಟಿ ಎಲ್ಲಿಯೂ ನಿಲ್ಲಿಸದೆ ಮನೆ ಮುಟ್ಟಿದ್ದರು. ಅಂದರೆ ನಲವತ್ತೇಳು ವರ್ಷದ ಈ ವೀರರು ಆ ಗಾಡಿಯನ್ನು ಸ್ವಂತ ಕಾಲಿನಿಂದ ಒಮ್ಮೆಯೂ ಚಾಲೂ ಮಾಡಿರಲಿಲ್ಲ.

ಮೊದಲ ಕಿಕ್ಕಿಗೆ ಗಾಡಿ ‘ಪುಸ್’ ಎಂದಿತು. ಐದನೆಯದಕ್ಕೂ ಅದನ್ನೇ ಎಂದಿತು. ಹದಿನೈದನೆಯದಕ್ಕೆ ಆಚಾರ್ಯರೇ ‘ಪುಸ್’ ಎಂದರು.

“ಏನಾತೋ ಸುಶಾ?” ಎಂದು ಕಟ್ಟೆಯ ಮೇಲಿಂದ ವಿಜಯಾಬಾಯಿ ಕೇಳಿದರು.

“ಏನೂ ಆಗಿಲ್ಲಮ್ಮಾ.”

“ಅದನ್ನ ಕೇಳ್ಲಿಕ್ಕತ್ತೀನಿ. ಇಷ್ಟು ಒದ್ದರೂ ಏನೂ ಯಾಕ ಆಗವಲ್ದು?”

ಆಚಾರ್ಯರು ಹಲ್ಲು ಕಡಿದು ನರೇಂದರ್‌ಗೆ ಫೋನು ಹಚ್ಚಿದರು. ಅವನು ಆಗಷ್ಟೇ ಎದ್ದಿದ್ದ.

“ಪಂತುಲುಗಾರೂ, ಥಂಡಿ ಗಾಡಿ ಐತಿ ಅಲ್ಲಾ? ಅದಕ್ಕ ಏನೂ ಆಗಿಲ್ಲ. ಪೆಟ್ರೋಲ್ ಚಾಲೂ ಇಡ್ರಿ, ಚೋಕ್ ಬಂದ್ ಮಾಡ್ರಿ, ಒದೀರಿ. ಅಷ್ಟೇ.”

ಚೋಕ್ ಎಂದರೆ ಇಂಜಿನ್ನಿನ ಪಕ್ಕದಲ್ಲಿ ಕಿರುಬೆರಳಿನಷ್ಟು ಇರುವ ಹಿಡಿಕೆ. ಅದು ಮೇಲೆ ಕೆಳಗೆ ಆಡುತ್ತದೆ. ಮೇಲಿದ್ದರೆ ಚಾಲೂ, ಕೆಳಗಿದ್ದರೆ ಬಂದ್ ಎಂಬುದು ಆಚಾರ್ಯರು ದಫ್ತರದ ಮೇನ್ ಸ್ವಿಚ್ಚಿನಿಂದ ಇಪ್ಪತ್ತು ವರ್ಷ ಕಲಿತ ವಿದ್ಯೆ. ಹಿಡಿಕೆ ಕೆಳಗೇ ಇತ್ತು. ಇನ್ನೂ ಬಂದ್ ಆಗಲಿ ಎಂದು ಹೆಬ್ಬೆರಳಿನಿಂದ ಅದುಮಿ, ಮತ್ತೆ ಒದೆಯತೊಡಗಿದರು.

ಕೃಷ್ಣಪ್ರಿಯಾ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಆಕೆ ಗಂಡನ ಕಡೆ ನೋಡಿ ಒಂದು ಬೆರಳನ್ನು ಮೇಲಕ್ಕೆ ಮಾಡಿ ತೋರಿಸಿದಳು.

“ಗೊತ್ತದ, ದೇವ್ರು ಮ್ಯಾಲಿದ್ದಾನ. ಅವನೇನು ಇಳದು ಬಂದು ಕಿಕ್ ಹೊಡೀತಾನೇನು?”

ಆಕೆ ತಲೆ ಅಲ್ಲಾಡಿಸಿ ಈ ಸಲ ಎರಡೂ ಕೈ ಮೇಲೆತ್ತಿದಳು.

“ಇಷ್ಟಕ್ಕ ಕೈ ಎತ್ತಿಬಿಟ್ಟೇನು? ಕೈ ಎತ್ತೋ ಪೈಕಿ ಅಲ್ಲ ನಾ. ಇವತ್ತು ಇದೋ ನಾನೋ, ಫೈಸಲ್ ಆಗೇಬಿಡ್ಲಿ.”

ಆಕೆ ಗಾಡಿಯ ಹತ್ತಿರ ಬಂದಳು. “ದೂರ ನಿಂದ್ರು. ಹಿಂದಕ್ಕ ಒದೀತದ ಇದು. ನಿನಗ ಪೆಟ್ಟಾದ್ರ ಹಾಡೋರ್ಯಾರು?” ಎಂದು ಆಚಾರ್ಯರು ಕೈ ಬೀಸಿ ಓಡಿಸಿದರು. ಆಕೆ ಕಟ್ಟೆಗೆ ಹೋಗಿ ಫೋನು ತೆಗೆದು ಏನೋ ಒತ್ತಿದಳು. ಆಚಾರ್ಯರ ಜೇಬಿನಲ್ಲಿ ‘ಟಿಣ್’ ಎಂದಿತು. ಮತ್ತೊಂದು ಟಿಣ್. ಮತ್ತೊಂದು.

“ದಫ್ತರದವ್ರಿಗೂ ಇವತ್ತೇ ನೆನಪಾಗಬೇಕೇನು?” ಎಂದು ಫೋನಿನ ಕಡೆ ನೋಡದೆಯೇ ಅದರ ಸದ್ದು ಬಂದ್ ಮಾಡಿದರು. ಗಂಟೆ ಎಂಟೂ ಮುಕ್ಕಾಲಾಗಿತ್ತು. ಈಗ ಅವರಿಗೆ ಸಿಟ್ಟು ನೆತ್ತಿಗೇರಿತ್ತು. ಇನ್ನೊಂದು ಸಲ ನರೇಂದರ್‌ಗೆ ಫೋನು ಹೋಯಿತು.

“ಏನು ಗಾಡಿ ಕೊಟ್ಟೀಯೋ? ನನ್ನ ಕಾಲು ಬಿದ್ದು ಹೋಗ್ಲಿಕ್ಕತ್ತದ.”

“ಚೋಕ್ ಬಂದ್ ಮಾಡೀರೇನ್ರಿ?”

“ಮಾಡೀನಿ.”

“ಪೂರಾ ಬಂದ್ ಮಾಡೀರಾ?”

“ಪೂರಾ ಮಾಡೀನೋ. ಇನ್ನ ಬಂದ್ ಮಾಡಿದ್ರ ಮುರೀತದ.”

“ಹಂಗಾದ್ರ ಜೋರಾಗಿ ಒದೀರಿ ಪಂತುಲುಗಾರೂ. ಸಿಟ್ಟು ಬಂದವ್ರು ಒದ್ದಂಗ ಒದೀರಿ.”

ಈ ಒಂದು ಸಲಹೆಯನ್ನು ಆಚಾರ್ಯರು ತಪ್ಪಿಲ್ಲದೆ ಪಾಲಿಸಿದರು. ಹುಟ್ಟಿದಾಗಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಬಲಗಾಲಿಗೆ ತಂದು ಒದ್ದರು. ಪೆಡಲು ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿಯಿತು, ಪಂಚೆ ಒಂದು ಗೇಣು ಹರಿಯಿತು, ಕಾಲಿನ ಚಪ್ಪಲಿ ಹಾರಿತು. ಹಾರಿದ ಚಪ್ಪಲಿ ಬಾವಿಯ ದಾರಿ ಹಿಡಿಯಲಿಲ್ಲ, ಬೇಲಿಯ ದಾರಿ ಹಿಡಿಯಲಿಲ್ಲ. ದೇವರ ಅಡುಗೆಗೆಂದು ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಹಾಕಿದ್ದ ತಾಯಿಯ ಮಡಿಸೀರೆಯ ಮೇಲೆ ನೆಟ್ಟಗೆ ಹೋಗಿ ಕುಳಿತಿತು.

ವಿಜಯಾಬಾಯಿ ಕಟ್ಟೆಯಿಂದ ಎದ್ದು ನಿಂತರು.

“ಚಪ್ಪಲಿ” ಎಂದರು. “ಮಡಿ ಸೀರಿ ಮ್ಯಾಲೆ.”

“ಅಮ್ಮಾ, ಬೇಕಂತ ಒಗದ್ನೇನು?”

“ಬೇಕಂತ ಒಗದಿದ್ರ ನಿನಗ ಗುರಿ ಸಿಗ್ತಿದ್ದಿಲ್ಲ. ಇನ್ನ ಈ ಸೀರಿ ಒಗದು, ಒಣಗಿ, ನಾ ಉಟ್ಟು, ಅಡಿಗಿ ಆಗಿ, ನೈವೇದ್ಯ ಆಗೋತನಕ ಈ ಮನಿಯಾಗ ಯಾರಿಗೂ ಅನ್ನ ಇಲ್ಲ. ನಿನ್ನ ಬೈಕಿಗೂ ಪೆಟ್ರೋಲ್ ಇಲ್ಲ.”

ಆಚಾರ್ಯರು ಒಂಟಿ ಚಪ್ಪಲಿಯಲ್ಲಿ ನಿಂತು ನರೇಂದರನನ್ನು ಬೈದರು, ರಸ್ತೆ ಅಗೆದವರನ್ನು ಬೈದರು, ಚಳಿಗಾಲವನ್ನು ಬೈದರು. ಬೈಯಲು ಹೊರಗಿನವರು ಯಾರೂ ಉಳಿಯದಿದ್ದಾಗ ಹೆಂಡತಿಯ ಕಡೆ ತಿರುಗಿದರು.

“ಎಲ್ಲಾ ನಿನ್ನಿಂದನ. ರೇಡಿಯೋ ಅಂತ, ಧ್ವನಿ ಅಂತ. ನಾ ಇಲ್ಲಿ ಕಾಲು ಮುರಕೊಳ್ಳಿಕ್ಕತ್ತೀನಿ, ನೀ ಮೂಗಿ ಹಂಗ ನಿಂತು ಬೆರಳು ತೋರಸ್ಲಿಕ್ಕತ್ತಿ.”

ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಹೆಕ್ಕಿಕೊಳ್ಳುವ ಹಾಗಿರಲಿಲ್ಲ. ಕೃಷ್ಣಪ್ರಿಯಾಳ ಮುಖ ಕೆಂಪಾಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮುಖವನ್ನು ಆಚಾರ್ಯರು ನೋಡಿರಲಿಲ್ಲ. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಜ್ವರ, ತಪಾಸಣೆ, ಈಗ ತಾನು. ಎಲ್ಲಪ್ಪನನ್ನು ಕಳಿಸಬಾರದಿತ್ತು ಎಂದು ಆಗ ಹೊಳೆಯಿತು. ಗಂಟೆ ಒಂಬತ್ತಕ್ಕೆ ಐದು ನಿಮಿಷ ಬಾಕಿ ಇತ್ತು.

ಆಕೆ ಚೀಲವನ್ನು ಕಟ್ಟೆಯ ಮೇಲಿಟ್ಟಳು. ದಡದಡ ನಡೆದು ಬಂದು ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಬಗ್ಗಿ, ಆ ಪುಟ್ಟ ಹಿಡಿಕೆಯನ್ನು ಮೇಲಕ್ಕೆತ್ತಿದಳು. ‘ಟಕ್’ ಎಂದಿತು. ಆಮೇಲೆ ಒದೆಯುವ ಪೆಡಲನ್ನು ಬೆರಳಿನಿಂದ ತೋರಿಸಿದಳು.

ಆಚಾರ್ಯರು ಸುಮ್ಮನೆ ಬರಿಗಾಲಿನಿಂದ, ಸಿಟ್ಟಿಲ್ಲದೆ, ಒಂದು ಸಲ ಒದ್ದರು.

ಗಾಡಿ ಗುಡುಗಿತು. ಬಾವಿಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಎದ್ದವು.

ಗದ್ವಾಲದಲ್ಲಿ ಕೃಷ್ಣಪ್ರಿಯಾಳ ತವರುಮನೆ ಇದ್ದದ್ದು ಒಂದು ಬೈಕ್ ರಿಪೇರಿ ಅಂಗಡಿಯ ಮೇಲಿನ ಅಂತಸ್ತಿನಲ್ಲಿ. ‘ಚೋಕ್ ಬಂದ್ ಮಾಡು’ ಎಂಬ ಕೂಗನ್ನು ಕೇಳುತ್ತಲೇ ಬೆಳೆದವಳು ಆಕೆ. ಮೇಸ್ತ್ರಿಗಳ ಭಾಷೆಯಲ್ಲಿ ಬಂದ್ ಆಗಬೇಕಾದದ್ದು ಇಂಜಿನ್ನಿಗೆ ಹೋಗುವ ಗಾಳಿ. ಹಿಡಿಕೆ ಮೇಲೆತ್ತಿದರೆ ಗಾಳಿ ಬಂದ್, ಗಾಡಿ ಚಾಲೂ. ಇದು ಆಚಾರ್ಯರಿಗೆ ಬಿಟ್ಟು ಗದ್ವಾಲದ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ.

ಆದರೂ ಆಚಾರ್ಯರು ಎದೆ ಸೆಟೆಸಿ ಸೀಟೇರಿದರು. “ನೋಡಿದ್ಯಾ? ನಾ ಅಷ್ಟೊತ್ತು ಒದ್ದು ಒದ್ದು ಹದಕ್ಕ ತಂದಿಟ್ಟಿದ್ದೆ ಅಂತನ ಈಗ ಒಂದೇ ಕಿಕ್ಕಿಗೆ…”

ಕೃಷ್ಣಪ್ರಿಯಾ ಎರಡು ದಿನದ ಮೇಲೆ ಮೊದಲ ಸಲ ಬಾಯಿ ತೆರೆದಳು. ಗಾಡಿಯ ಸದ್ದಿನ ಮೇಲೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳಿತು.

“ಗಾಡಿ ಚಾಲೂ ಆತಲ್ರಿ? ಇನ್ನ ನೀವು ಬಂದ್ ಆಗ್ರಿ.”

ವಿಜಯಾಬಾಯಿ ಹಿಂಡುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟು ತಲೆದೂಗಿದರು. “ಧ್ವನಿ ಏನು ಛಲೋ ಕೂತದ. ಹೋಗವ್ವ, ಪಾಸಾಗ್ತಿ.”

ಎತ್ತಿದ ಹಿಡಿಕೆ ಎತ್ತಿದ ಹಾಗೆಯೇ ಇತ್ತು; ದಾರಿಯುದ್ದಕ್ಕೂ ಬೈಕು ಕರಿಹೊಗೆ ಉಗುಳುತ್ತ ಕೆಮ್ಮುತ್ತ ಓಡಿತು. ಕೆಸರು ಹಾರಿತು, ಗುಂಡಿ ಬಂತು, ಎದುರಿಗೆ ಎಮ್ಮೆ ಬಂತು. ಆಚಾರ್ಯರು ತುಟಿ ಬಿಚ್ಚಲಿಲ್ಲ. ಅವರು ಮಕ್ತಲ್ ಮುಟ್ಟಿದಾಗ ರಾಯಚೂರಿನ ಬಸ್ಸು ಹಾರನ್ ಹೊಡೆದು ಹಿಂದಕ್ಕೆ ಸರಿಯುತ್ತಿತ್ತು. ಕೃಷ್ಣಪ್ರಿಯಾ ಓಡಿ ಹತ್ತಿದಳು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಛಲೋ ಹಾಡು ಎಂದು ಹೇಳಬೇಕೆಂದು ಆಚಾರ್ಯರಿಗೆ ತುಂಬ ಆಸೆಯಾಯಿತು, ಧೈರ್ಯವಾಗಲಿಲ್ಲ. ಒಂದು ಬೆರಳನ್ನು ಮೇಲಕ್ಕೆ ಮಾಡಿ ತೋರಿಸಿದರು. ಆಕೆ ನಕ್ಕಳು. ಬಸ್ಸು ಹೋಯಿತು.

ಆಗಲೇ ಬೈಕು ತಾನಾಗಿಯೇ ನಿಂತುಬಿಟ್ಟಿತ್ತು. ಆಚಾರ್ಯರು ಒದ್ದರು. ಎರಡು ಸಲ, ಐದು ಸಲ, ಹತ್ತು ಸಲ. ಬಸ್‌ಸ್ಟ್ಯಾಂಡಿನ ಜನ ಸೇರತೊಡಗಿದರು. ಸಿಟ್ಟು ಮತ್ತೆ ಮೊಣಕಾಲಿನವರೆಗೆ ಏರಿತು. ನರೇಂದರನ ಜನ್ಮ ಜಾಲಾಡಿಬಿಡಬೇಕೆಂದು ಜೇಬಿನಿಂದ ಫೋನು ತೆಗೆದರು. ಅದರಲ್ಲಿ ಆರು ಮೆಸೇಜು ಕಾದಿದ್ದವು. ದಫ್ತರದಿಂದ ಒಂದೂ ಇರಲಿಲ್ಲ. ಮೊದಲ ಐದು ಮನೆಯ ಕಟ್ಟೆಯಿಂದ ಬಂದಿದ್ದವು, ಐದರಲ್ಲೂ ಒಂದೇ ಮಾತು: “ಹಿಡಿಕಿ ಮ್ಯಾಲೆ ಎತ್ರಿ.”

ಆರನೆಯದು ಈಗಷ್ಟೇ ಬಸ್ಸಿನಿಂದ ಬಂದಿತ್ತು.

“ಈಗ ಗಾಡಿ ಬಿಸಿ ಅದ. ಹಿಡಿಕಿ ಕೆಳಗ ಮಾಡಿ ಒದೀರಿ. ಬಾಯಿ ಮಾತ್ರ ಬಂದೇ ಇರ್ಲಿ.”