ಭೀಮವ್ವನ ಎಡೆ, ಬಸವಲಿಂಗನ ಡಬ್ಬಿ

ಎಲ್ಲದಕ್ಕೂ ಮೂಲ ಒಂದು ಬುಟ್ಟಿ ಸಜ್ಜೆ ರೊಟ್ಟಿ.

ಎಳ್ಳಮಾವಾಸ್ಯೆಯ ಸಂಜೆ ಉಮಾಶ್ರೀಯ ತವರೂರು ಸಗರದಿಂದ ಅವಳ ಅಣ್ಣ ಹಬ್ಬದ ಬುತ್ತಿ ಕಳಿಸಿದ್ದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಲ್ಲವೂ ಬುಟ್ಟಿ ತುಂಬಿ ತುಳುಕುವಷ್ಟು. ಆದರೆ ಅದರ ಹಿಂದಿನ ದಿನವಷ್ಟೇ ಪಕ್ಕದ ಮನೆಯ ಭೀಮವ್ವ ತೀರಿಕೊಂಡಿದ್ದಳು. ಎಂಬತ್ತಾರು ವರ್ಷ ತುಂಬು ಬಾಳು ಬಾಳಿ, ಒಂದು ದಿನವೂ ಹಾಸಿಗೆ ಹಿಡಿಯದೆ, ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೋದವಳು. "ಬಾಜೂ ಮನಿಯವ್ರು ಮಣ್ಣು ಕೊಟ್ಟು ಬಂದಾರ, ನಾವು ಹೋಳಿಗಿ ತಿಂತ ಕುಂದರೂದು ಚೊಲೊ ಅಲ್ಲ," ಎಂದು ಉಮಾಶ್ರೀ ಬುಟ್ಟಿಯನ್ನು ಮುಟ್ಟಲಿಲ್ಲ. ಮರುದಿನ ಬೆಳಗಾಗುತ್ತಲೇ ಗಂಡ ಬಸವಲಿಂಗನಿಗೆ, "ಓಣಿ ತುದಿಗಿರೋ ದನಗೋಳಿಗೆ ಹಾಕಿ ಬರ್ರಿ," ಎಂದು ಹೇಳಿ, ಭೀಮವ್ವನ ಮೂರನೇ ದಿನದ ಅಡಿಗೆಗೆ ಕೈಜೋಡಿಸಲು ಪಕ್ಕದ ಮನೆಗೆ ಹೋದಳು.

ಬಸವಲಿಂಗ ಬುಟ್ಟಿ ಎತ್ತಿಕೊಂಡು ಬಾಗಿಲ ತನಕ ಬಂದದ್ದೇನೋ ನಿಜ. ಸುರಪುರದ ಗುಡ್ಡದಿಂದ ಇಳಿದು ಬಂದ ಥಂಡಿ ಗಾಳಿ ಕಿವಿಗೆ ಬಡಿಯಿತು. ದನಗಳಿರುವುದು ಓಣಿಯ ಆ ತುದಿಗೆ, ಹಿತ್ತಲಿರುವುದು ಹತ್ತು ಹೆಜ್ಜೆಗೆ. ಹೊಲ ಇದ್ದವರೆಲ್ಲ ನಿನ್ನೆ ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಹಬ್ಬದ ಅಡಿಗೆ ಎರಚಿ, ಚರಗ ಚೆಲ್ಲಿ ಬಂದಿದ್ದರು. ಹೊಲವಿಲ್ಲದ ಗುಮಾಸ್ತ ಹಿತ್ತಲಲ್ಲೇ ಚರಗ ಚೆಲ್ಲಿದರೆ ಭೂಮಿತಾಯಿ ಬೇಡ ಅನ್ನುತ್ತಾಳೆಯೇ? ಅಲ್ಲದೆ ಹಿತ್ತಲಲ್ಲಿ ಅವನ ದಾರಿ ಕಾಯುವ ದೊಡ್ಡ ಬಳಗವೇ ಇತ್ತು.

ಆ ಬಳಗದ ಕತೆ ಹೇಳಬೇಕು. ಎರಡು ತಿಂಗಳ ಹಿಂದೆ ಬಸವಲಿಂಗನಿಗೆ ಹಕ್ಕಿ ನೋಡುವ ಹುಚ್ಚು ಹಿಡಿದಿತ್ತು. ಹಿಡಿಸಿದವನು ಅವನ ಕಚೇರಿಯ ನಸೀರುದ್ದೀನ. ನಸೀರುದ್ದೀನನ ಊರು ಬೋನಾಳ. ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಬಂದಿಳಿಯುವ ಹಕ್ಕಿಗಳನ್ನೆಲ್ಲ ತಾನೇ ಸಾಕಿದವನಂತೆ ಅವನು ಮಾತಾಡುತ್ತಿದ್ದ. ಕೇಳಿ ಕೇಳಿ ಹಠಕ್ಕೆ ಬಿದ್ದ ಬಸವಲಿಂಗ ಖಾಲಿ ಎಣ್ಣೆ ಡಬ್ಬಿಯೊಂದರ ಮಗ್ಗಲು ಕತ್ತರಿಸಿ, ಜೋಳ ಸಜ್ಜೆ ತುಂಬಿ, ಹಿತ್ತಲ ಬೇವಿನ ಗಿಡಕ್ಕೆ ತಂತಿ ಕಟ್ಟಿ ತೂಗುಹಾಕಿದ. ಹಳೆಯ ದುರ್ಬೀನೊಂದನ್ನು ಸಂಪಾದಿಸಿದ. ಗುಬ್ಬಿ ಬಂತು, ಬೆಳವ ಬಂತು, ಗಿಳಿ ಬಂತು. ಎಲ್ಲವೂ ನೋಟುಬುಕ್ಕಿಗೆ ಏರಿದವು.

ಆದರೆ ಅವನ ಜೀವವೆಲ್ಲ ಇದ್ದದ್ದು ಒಂದೇ ಹಕ್ಕಿಯ ಮೇಲೆ. ಕರಿ ತಲೆ, ಅರಿಸಿನ ಬಳಿದಂಥ ಎದೆ, ಗುಬ್ಬಿಗಿಂತ ತುಸು ದೊಡ್ಡದು. ಚಳಿಗಾಲದಲ್ಲಿ ದೂರದೇಶದಿಂದ ಜೋಳದ ಹೊಲಗಳಿಗೆ ಬರುವ ಅತಿಥಿ. "ಅದು ಹೊಲದ ಹಕ್ಕಿಪಾ. ನಿನ್ನ ಡಬ್ಬಿಗೆ ಕಾಗಿ ಬಿಟ್ರ ಏನೂ ಬರಂಗಿಲ್ಲ," ಎಂದು ನಸೀರುದ್ದೀನ ಇಡೀ ಕಚೇರಿಯ ಎದುರು ನಕ್ಕಿದ್ದ. ಅವತ್ತಿನಿಂದ ಬಸವಲಿಂಗನಿಗೆ 'ಕಾಗಿ ಸಾಹೇಬ್ರು' ಎಂದು ಹೆಸರು ಬಿತ್ತು. ಜವಾನನೂ ಬೆನ್ನ ಹಿಂದೆ ಹಾಗೇ ಅನ್ನುತ್ತಿದ್ದ. ಆ ಹಳದಿ ಹಕ್ಕಿ ಒಂದೇ ಒಂದು ಸಲ ಡಬ್ಬಿಯ ಮೇಲೆ ಕೂತು, ಅದರ ಫೋಟೊ ಸಿಕ್ಕರೆ ಸಾಕು, ಆ ಹೆಸರು ಅಳಿಸಿಹೋಗುತ್ತಿತ್ತು. ಆದ್ದರಿಂದ ಡಬ್ಬಿಯೆಂದರೆ ಬಸವಲಿಂಗನಿಗೆ ಬರೀ ಡಬ್ಬಿಯಲ್ಲ, ಅವನ ಮಾನ.

ಕಷ್ಟವೆಂದರೆ ಡಬ್ಬಿಗೆ ನಿಜಕ್ಕೂ ಕಾಗೆಗಳೇ ಮುತ್ತುತ್ತಿದ್ದವು. ಅವನ್ನು ದೂರ ಇಡಲು ಅವನೊಂದು ಉಪಾಯ ಹೂಡಿದ. ದಿನಾ ನಸುಕಿಗೆ, ಓಣಿಯವರು ಏಳುವ ಮುಂಚೆ, ಸೌಟಿನಿಂದ ತಾಟಿಗೆ ಮೂರು ಸಲ ಬಡಿದು, ಹಿತ್ತಲ ಗೋಡೆಯ ಮೇಲೆ ತಂಗಳ ರೊಟ್ಟಿ ಇಡುವುದು. ವಾರದೊಳಗೆ ಓಣಿಯ ಅಷ್ಟೂ ಕಾಗೆಗಳು ಆ ಸದ್ದಿಗೆ, ಗಂಟೆ ಕೇಳಿದ ಸಾಲಿ ಮಕ್ಕಳ ಹಾಗೆ, ನುಗ್ಗಿ ಬರತೊಡಗಿದವು.

ಓಣಿಯಲ್ಲಿ ಅವನ ಹಕ್ಕಿ ಹುಚ್ಚು ಯಾರಿಗೂ ಅಷ್ಟಾಗಿ ಸೇರುತ್ತಿರಲಿಲ್ಲ. ಥಂಡಿ ಶುರುವಾದರೆ ಹಳದಿ ಸ್ವೆಟರು ತೊಟ್ಟು, ತಲೆಗೆ ಕರಿ ಮಫ್ಲರು ಬಿಗಿದು, ಮಾಳಿಗೆಯ ಮೇಲೆ ಬಿಸಿಲು ಕಾಯಿಸಲು ಕೂರುತ್ತಿದ್ದ ಭೀಮವ್ವ ಅಲ್ಲಿಂದಲೇ ಕೂಗುತ್ತಿದ್ದಳು: "ಏ ಬಸ್ಯಾ! ನಿನ್ನ ಹಕ್ಕಿ ನನ್ನ ಕೌದಿ ಮ್ಯಾಲ ಹೇತು ಹೋಗ್ಯಾವ, ನೀನ ಬಂದು ತೊಳಿ!"

"ಹೂನ್ರಿ ಆಯಿ," ಎಂದು ಬಸವಲಿಂಗ ಡಬ್ಬಿಗೆ ಇನ್ನಷ್ಟು ಜೋಳ ಸುರಿಯುತ್ತಿದ್ದ.

ಅವತ್ತು ಬೆಳಗ್ಗೆಯೂ ಅಷ್ಟೇ. ಪಕ್ಕದ ಮನೆಯ ಅಡಿಗೆಯ ಗದ್ದಲದಲ್ಲಿ ಯಾರ ಕಿವಿಗೂ ಬೀಳದಂತೆ ತಾಟು ಬಡಿದ, ಬುಟ್ಟಿಗೆ ಬುಟ್ಟಿಯನ್ನೇ ಗೋಡೆಯ ಮೇಲೆ ಸುರಿದ. ಎಂಟು ಗಂಟೆಯ ಹೊತ್ತಿಗೆ ಹೋಳಿಗೆಯ ಒಂದು ಚೂರೂ ಉಳಿದಿರಲಿಲ್ಲ. ಬೇವಿನ ಗಿಡದ ತುಂಬ ಕಾಗೆಗಳು, ಮದುವೆ ಊಟ ಮುಗಿಸಿದ ಬೀಗರ ಹಾಗೆ, ಅಲುಗಾಡದೆ ಕೂತಿದ್ದವು.

ಹತ್ತು ಗಂಟೆಗೆ ಪಕ್ಕದ ಮಾಳಿಗೆಯ ಮೇಲೆ ಭೀಮವ್ವನ ಮಗ ಮಾನಪ್ಪ ಬಾಳೆಲೆಯಲ್ಲಿ ಎಡೆ ಇಟ್ಟ. ಅನ್ನ, ಕಡುಬು, ಹೋಳಿಗೆ, ತುಪ್ಪ. ಎಲ್ಲರೂ ಹಿಂದೆ ಸರಿದು ಕೈಕಟ್ಟಿ ನಿಂತರು. ಕಾಗೆ ಬಂದು ಮುಟ್ಟಬೇಕು. ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ತಿಳಿಯಬೇಕು.

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಒಂದು ಕಾಗೆಯೂ ಇತ್ತ ಸುಳಿಯಲಿಲ್ಲ.

"ಮುದುಕಿಗೆ ಏನೋ ಆಸಿ ಉಳದದ," ಎಂದರು ಅಮರಪ್ಪ ಮಾಸ್ತರರು. ಅವರು ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಓಣಿಯ ಹುಟ್ಟು, ಸಾವು, ಮದುವೆಗಳಿಗೆಲ್ಲ ಇನ್ನೂ ಅವರೇ ಹೆಡ್ ಮಾಸ್ತರರು. "ಏನ್ ಬೇಡತಿದ್ಲು, ನೆನಪ ಮಾಡ್ಕೋರಿ."

ಸೊಸೆ ರತ್ನಾಬಾಯಿ ಓಡಿ ಹೋಗಿ ಎಲೆ, ಅಡಿಕೆ, ತಂಬಾಕು ತಂದಿಟ್ಟಳು. ಕಾಗೆ ಬರಲಿಲ್ಲ. ಚಹಾ ಇಟ್ಟರು. ಬರಲಿಲ್ಲ. ಮಿರ್ಚಿ ಭಜಿ ತರಿಸಿದರು. ಇಲ್ಲ. "ಹೋದ ವಾರ ಬೆಣ್ಣಿ ಕೇಳಿದ್ಲು, ಕೆಮ್ಮು ಅದ ಅಂತ ನಾ ಕೊಡಲಿಲ್ರಿ," ಎಂದು ರತ್ನಾಬಾಯಿ ಬಿಕ್ಕಿ ಬಿಕ್ಕಿ ಅತ್ತಳು. ಬೆಣ್ಣೆಯೂ ಬಂತು. ದಿನಾ ನೋಡುತ್ತಿದ್ದ ಧಾರಾವಾಹಿ ಮುಗಿಯುವ ಮುಂಚೆಯೇ ಹೋದಳಲ್ಲ ಎಂದು ಯಾರೋ ಅಂದರು. ಮಾನಪ್ಪ ತನ್ನ ಮೊಬೈಲಿನಲ್ಲಿ ಅದನ್ನು ಹಚ್ಚಿ ಎಡೆಯ ಪಕ್ಕಕ್ಕೆ ಒರಗಿಸಿಟ್ಟ. ಅದರಲ್ಲಿಯ ಅತ್ತೆ ಸೊಸೆ ಜಗಳಾಡಿದರೇ ಹೊರತು ಕಾಗೆ ಮಾತ್ರ ಬರಲಿಲ್ಲ.

ಹನ್ನೆರಡು ಹೊಡೆಯಿತು. ಕೆಳಗೆ ಅನ್ನದ ಹಂಡೆ ತಣ್ಣಗಾಗುತ್ತಿತ್ತು. ಬೋನಾಳದಲ್ಲಿ ಭೀಮವ್ವನ ಹೊಲಕ್ಕೆ ಹೊಂದಿದ ಹೊಲ ನಸೀರುದ್ದೀನನದು, ಹಾಗಾಗಿ ಅವನೂ ಬಂದು ಮೂಲೆಯಲ್ಲಿ ಹೊಟ್ಟೆ ಹಿಡಿದು ನಿಂತಿದ್ದ. ಬಸವಲಿಂಗ ಮಾತ್ರ ಗುಂಪಿನ ಹಿಂದೆ ಬೆವರುತ್ತಿದ್ದ. ಮೂವತ್ತು ಕಾಗೆಗಳ ಹೊಟ್ಟೆಯಲ್ಲಿ ಸಗರದ ಹೋಳಿಗೆ ಇರುವುದು ಇಡೀ ಓಣಿಯಲ್ಲಿ ಅವನೊಬ್ಬನಿಗೇ ಗೊತ್ತು. ನಿಜ ಹೇಳಿದರೆ ಓಣಿಯವರು ಮೊದಲು ಡಬ್ಬಿ ಕಿತ್ತೆಸೆಯುತ್ತಾರೆ, ಆಮೇಲೆ ಅವನನ್ನು.

ಉಮಾಶ್ರೀ ಹತ್ತಿರ ಬಂದು ಪಿಸುಗುಟ್ಟಿದಳು. "ಬುಟ್ಟಿ ದನಕ್ಕ ಹಾಕಿದ್ರಿಲ್ಲೋ?"

"ಹಾಕೀನಲ್ಲ. ಗಬಗಬ ತಿಂದ್ವು," ಎಂದ ಬಸವಲಿಂಗ. ಎರಡನೇ ಮಾತಾದರೂ ನಿಜವಿತ್ತು.

ಮೆಲ್ಲಗೆ ಜಾರಿ ತನ್ನ ಹಿತ್ತಲಿಗೆ ಬಂದ. ಕಾಗೆಗಳನ್ನು ಎಬ್ಬಿಸಿ ಅತ್ತ ಅಟ್ಟಬೇಕೆಂಬುದು ಅವನ ವಿಚಾರ. ಚಪ್ಪಾಳೆ ತಟ್ಟಿದ. ಒಂದು ಕಾಗೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. "ನಡೀರೆಪ್ಪಾ, ಕೈ ಮುಗೀತೀನಿ," ಅಂದ. ಕೊನೆಗೆ ಸಿಟ್ಟು ಬಂದು ಮಣ್ಣಿನ ಹೆಂಟೆಯೊಂದನ್ನು ಬೀಸಿ ಒಗೆದ. ಕಾಗೆಗಳು ಕಾ ಕಾ ಎಂದು ಬೊಬ್ಬೆ ಹಾಕಿ ಎದ್ದು, ಒಂದು ಸುತ್ತು ಹಾರಿ, ಬಂದು ಅದೇ ಟೊಂಗೆಗಳ ಮೇಲೆ ಕೂತವು.

ಅಷ್ಟರಲ್ಲಿ ಮಾಳಿಗೆಯ ಮೇಲಿಂದ ರತ್ನಾಬಾಯಿ ಕಿರುಚಿದಳು: "ಅಯ್ಯಯ್ಯೋ ನೋಡ್ರಿ! ಬಸಣ್ಣ ನಮ್ಮತ್ತಿಗಿ ಕಲ್ಲ ಹೊಡಿಯಾಕತ್ತಾನ!"

ಎರಡು ನಿಮಿಷದಲ್ಲಿ ಬಸವಲಿಂಗ ಮಾಳಿಗೆಯ ಮೇಲೆ, ಎಲ್ಲರ ನಡುವೆ, ತಲೆ ತಗ್ಗಿಸಿ ನಿಂತಿದ್ದ.

"ಮುದುಕಿ ಜೀವ ಅಲ್ಲಿ ಕುಂತದ, ನೀ ಹೆಂಟಿ ಒಗೀತಿ?" ಮಾನಪ್ಪ ತೋಳು ಏರಿಸಿದ.

"ಈ ಕಡಿ ಹೊಡ್ಕೊಂಡು ಬರೂನಂತ ಮಾಡಿದ್ನಿರಿ ಅಣ್ಣಾರ."

"ಆಕಿ ಏನ್ ದನಾ ಏನೋ, ಹೊಡ್ಕೊಂಡು ಬರಾಕ?"

ಮಾತು ಬೆಳೆಯುವಷ್ಟರಲ್ಲಿ ಅಮರಪ್ಪ ಮಾಸ್ತರರು ಕುಸಿದು ಕೂತರು. ಮುಂಜಾನೆಯೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಬಂದಿದ್ದವರು, ಆಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೈಗಳು ಗಡಗಡ ನಡುಗುತ್ತಿದ್ದವು, ಹಣೆಯ ಮೇಲೆ ಬೆವರಿನ ಹನಿ. ಉಮಾಶ್ರೀ ಬೆಲ್ಲದ ಚೂರು ಬಾಯಿಯ ತನಕ ಒಯ್ದರೆ ಅವರು ಹಲ್ಲು ಕಚ್ಚಿದರು. "ಕಾಗಿ ಮುಟ್ಟಲಿ ಮದಲ. ಐವತ್ತ ವರ್ಷ ಊರಿಗೆಲ್ಲ ಹೇಳಿದ ಪದ್ಧತಿ ನಾನ ಮುರೀಲೇನು?"

ಒಂದು ಬುಟ್ಟಿ ಹೋಳಿಗೆಗಾಗಿ ಓಣಿಯಲ್ಲಿ ಇನ್ನೊಂದು ಮೂರನೇ ದಿನ ಆಗುವುದು ಬೇಡ. ಬಸವಲಿಂಗ ಹಿಂದು ಮುಂದು ನೋಡದೆ ಅಡಿಗೆಯವರ ಕೈಯಿಂದ ತಾಟು, ಸೌಟು ಕಸಿದುಕೊಂಡ. ಆದರೆ ಸುಮ್ಮನೆ ಬಡಿದರೆ ಗುಟ್ಟು ರಟ್ಟಾಗುತ್ತದೆ. ಏನಾದರೂ ಭಕ್ತಿಯ ಮಾತು ಬೇಕು. ಆಕಾಶ ನೋಡಿ, ಗಂಟಲು ಹರಿಯುವಂತೆ ಕೂಗಿದ:

"ಭೀಮವ್ವಾಯೀ! ನಿನ್ನ ಆಸಿ ಏನ ಇರಲಿ, ನಾ ನಡಿಸಿಕೊಡ್ತೀನಿ! ಬಾ ಆಯೀ!"

ಢಣ್! ಢಣ್! ಢಣ್!

ಬೇವಿನ ಗಿಡ ಒಮ್ಮೆಲೇ ಅಲುಗಾಡಿತು. ಹೊಟ್ಟೆ ತುಂಬಿದ್ದರೂ ರೂಢಿ ಬಿಡಲಾದೀತೆ? ಮೂವತ್ತಕ್ಕೆ ಮೂವತ್ತೂ ಕಾಗೆಗಳು ಎದ್ದು, ಗೋಡೆ ದಾಟಿ, ಮಾಳಿಗೆಯ ಮೇಲೆ ಇಳಿದವು. ಎಲ್ಲಕ್ಕಿಂತ ದೊಡ್ಡ ಕಾಗೆ ಬಾಳೆಲೆಯ ಮೇಲೆ ಹತ್ತಿ, ಬಸವಲಿಂಗನ ಮುಖವನ್ನು ಗುರುತು ಹಿಡಿದಂತೆ ನೋಡಿ, ಬೆಣ್ಣೆಗೆ ಕೊಕ್ಕು ಹಾಕಿತು.

"ಮುಟ್ತು! ಮುಟ್ತು!" ಎಂದು ಇಡೀ ಮಾಳಿಗೆ ಕೂಗಿತು. ಉಮಾಶ್ರೀ ಬೆಲ್ಲವನ್ನು ಮಾಸ್ತರರ ಬಾಯಿಗೆ ತುರುಕಿದಳು. ರತ್ನಾಬಾಯಿ ಬಸವಲಿಂಗನ ಕಾಲು ಮುಟ್ಟಲು ಬಂದಳು, ಮಾನಪ್ಪ ಏರಿಸಿದ ಅದೇ ತೋಳಿನಿಂದ ಅವನನ್ನು ಅಪ್ಪಿಕೊಂಡ. ಪಂಕ್ತಿ ಬಿದ್ದವು. ಬಸವಲಿಂಗನಿಗೆ ಎಷ್ಟು ಹಗುರವಾಯಿತೆಂದರೆ ನಾಲ್ಕು ಹೋಳಿಗೆ ತಿಂದ, ಐದನೆಯದಕ್ಕೂ ಬೇಡ ಅನ್ನಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ, ಡಬ್ಬಿ ಉಳಿಯಿತು, ಮಾಸ್ತರರ ಜೀವವೂ ಉಳಿಯಿತು.

ತಮ್ಮ ಊಟ ಮುಗಿದು, ಮೈಯಲ್ಲಿ ತ್ರಾಣ ಬಂದ ಮೇಲೆ ಮಾಸ್ತರರು ತೇಗಿ ಕೇಳಿದರು. "ಬಸವಲಿಂಗಾ, ಎಲ್ಲಾರೂ ಕರದ್ರ ಬರಲಿಲ್ಲ, ನೀ ಮಾತ ಕೊಟ್ಟ ಕೂಡ್ಲೆ ಬಂದಾಳ. ಅಂದ್ರ ಆಸಿ ಇದ್ದದ್ದು ನಿನ್ನ ಹಂತ್ಯಾಕ. ಏನದು?"

"ನನಗೇನ್ ಗೊತ್ರಿ ಸರ?"

ರತ್ನಾಬಾಯಿ ಥಟ್ಟನೆ ಹಣೆ ಬಡಿದುಕೊಂಡಳು. "ನನಗ ಗೊತ್ತದರಿ! ಕೌದಿ ಹೊಚಗೊಂಡಾಗೆಲ್ಲ ಅಂತಿದ್ಲು, ನಾ ಕಣ್ಣ ಮುಚ್ಚೂದ್ರಾಗ ಆ ಬಸ್ಯಾನ ಗಿಡದಾಗಿನ ಡಬ್ಬಿ ಇಳೀಬೇಕು ಅಂತ!"

ಎಲ್ಲರೂ ಬಸವಲಿಂಗನ ಕಡೆಗೆ ತಿರುಗಿದರು. ಅವನ ಬಾಯಲ್ಲಿದ್ದ ಐದನೇ ಹೋಳಿಗೆ ಅಲ್ಲೇ ನಿಂತಿತು.

"ಮಾತ ಕೊಟ್ಟೀದಿ," ಎಂದರು ಮಾಸ್ತರರು. "ಅದೂ ಸತ್ತವ್ರಿಗೆ, ತಾಟ ಬಡದು."

ಏಣಿ ತಂದವನು ಮಾನಪ್ಪ, ಹಿಡಿದವನು ನಸೀರುದ್ದೀನ. ಓಣಿಯೆಲ್ಲ ಹಿತ್ತಲಲ್ಲಿ ನೆರೆದಿತ್ತು. ಬಸವಲಿಂಗ ಒಂದೊಂದೇ ಮೆಟ್ಟಿಲು ಹತ್ತಿ, ಎರಡು ತಿಂಗಳ ತನ್ನ ಮಾನವನ್ನು ತಂತಿಯಿಂದ ಬಿಡಿಸಿದ. ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಡಬ್ಬಿ, ಫೋನು ಅಂಗಿಯ ಕಿಸೆಯಲ್ಲಿ.

ಆಗ ಎಲ್ಲಿಂದಲೋ ಒಂದು ಹಕ್ಕಿ ಬಂದು ಆ ಖಾಲಿ ತಂತಿಯ ಮೇಲೆ ಕೂತಿತು. ಕರಿ ತಲೆ. ಅರಿಸಿನದಂಥ ಎದೆ. ಅವನ ಮೂಗಿನಿಂದ ಒಂದು ಮೊಳ ದೂರ.

ಬಸವಲಿಂಗ ಉಸಿರು ಬಿಗಿಹಿಡಿದ. ಕೆಳಗಿನಿಂದ ರತ್ನಾಬಾಯಿಯ ದನಿ ಕೇಳಿತು. "ಅಯ್ಯೋ ಅತ್ತೀ! ಅದ ಹಳದಿ ಸ್ವೆಟರ, ಅದ ಕರಿ ಮಫ್ಲರ!"

ಓಣಿಗೆ ಓಣಿಯೇ ಕೈ ಮುಗಿಯಿತು. "ಇಳಿಸ್ಯಾನೋ ಇಲ್ಲೋ ಅಂತ ಖುದ್ದ ನೋಡಾಕ ಬಂದಾಳ," ಎಂದರು ಮಾಸ್ತರರು.

ಹಕ್ಕಿ ಡಬ್ಬಿಯನ್ನು ನೋಡಿತು, ಬಸವಲಿಂಗನನ್ನು ನೋಡಿತು, ಬಾಲ ಎತ್ತಿ ಅವನ ಭುಜದ ಮೇಲೆ ಹಿಕ್ಕೆ ಹಾಕಿ, ಬೋನಾಳದ ದಿಕ್ಕಿಗೆ ಹಾರಿಹೋಯಿತು.

ಜನ ಸಮಾಧಾನದಿಂದ ಮನೆಗಳಿಗೆ ಹೋದರು. ಬಸವಲಿಂಗ ಕೆಳಗಿಳಿದು ನಸೀರುದ್ದೀನನ ತೋಳು ಹಿಡಿದುಕೊಂಡ. "ನೋಡಿದಿಲ್ಲೋ? ನೀನ ಸಾಕ್ಷಿ! ಬಂದಿತ್ತಿಲ್ಲೋ?"

"ಬಂದಿತ್ತು, ಯಾಕ ಸುಳ್ಳ ಹೇಳಲಿ," ಎಂದ ನಸೀರುದ್ದೀನ, ಏಣಿಯನ್ನು ಹೆಗಲಿಗೇರಿಸುತ್ತ. "ಆದ್ರ ಡಬ್ಬಿ ಮ್ಯಾಲ ಕುಂದರಲಿಲ್ಲಲ್ರಿ, ಕಾಗಿ ಸಾಹೇಬ್ರ."