ತಟ್ಟೆ ಸೇರಿದ ಶರದ್ವಾರ್ತೆ

ಬರೆಯುವ ಚಟವಿದ್ದವನಿಗೆ ಒಬ್ಬ ಓದುಗ ಸಿಕ್ಕರೆ ಸಾಕು, ಅವನು ಯಾಕೆ ಓದುತ್ತಿದ್ದಾನೆ ಎಂದು ವಿಚಾರಿಸುವಷ್ಟು ವ್ಯವಧಾನ ಇರುವುದಿಲ್ಲ. ನನಗೂ ಇರಲಿಲ್ಲ. ಮರಳವಾಡಿಯಿಂದ ಆಚೆ, ದಿನಕ್ಕೆ ಎರಡೇ ಬಸ್ಸು ಬರುವ ಒಂದು ಊರಿನ ಮಿಡ್ಲ್ ಸ್ಕೂಲಿನಲ್ಲಿ ನಾನು ಹೆಡ್‌ಮಾಸ್ಟರಾಗಿದ್ದಾಗ ಒಂದು ಪತ್ರಿಕೆ ಹೊರಡಿಸಿದೆ. ಅದಕ್ಕೆ ಬಂದ ಬೇಡಿಕೆಯನ್ನು ನೋಡಿ, ಮೇಷ್ಟ್ರ ಕೆಲಸಕ್ಕೆ ಬಂದು ತಪ್ಪು ಮಾಡಿದೆನೇನೋ, ನಾನು ಹುಟ್ಟಿದ್ದೇ ಸಂಪಾದಕನಾಗಲು ಎಂದು ಹೆಂಡತಿಯ ಮುಂದೆ ಹೇಳಿಕೊಂಡಿದ್ದೂ ಉಂಟು. ಅವಳು ಅಕ್ಕಿ ಆರಿಸುತ್ತಿದ್ದಳು. "ಎರಡು ವಾರ ತಡೀರಿ, ಆಮೇಲೆ ಹೇಳಿ" ಎಂದಳು. ಹೆಂಗಸರಿಗೆ ಇಂಥದೆಲ್ಲ ಹೇಗೋ ಮೊದಲೇ ಗೊತ್ತಾಗುತ್ತದೆ.

ಅದು ರೇಷ್ಮೆಗೂಡಿಗೆ ಬೆಲೆ ಬಂದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಕುರಿ ಕಾಯುತ್ತಿದ್ದವರ ಮನೆಯ ಮೇಲೆ ತಾರಸಿ ಬಂದಿತ್ತು. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬಂದವರ ಕೈಯಲ್ಲಿ ರೇಡಿಯೋ ಇರುತ್ತಿತ್ತು, ಇಲ್ಲವೇ ಹೆಂಡತಿಗೆ ಸೀರೆ ಇರುತ್ತಿತ್ತು. ಊರಿನಲ್ಲಿ ಯಾರ ಮನೆಗೆ ಹೋದರೂ ಗಾಳಿ ಬೆಳಕು ಚೆನ್ನಾಗಿರುವ ದೊಡ್ಡ ಅಂಕಣ ಹುಳುವಿಗೆ, ಉಳಿದದ್ದು ಮನುಷ್ಯರಿಗೆ. ಇದರಲ್ಲಿ ನನಗೇನೂ ತಕರಾರಿರಲಿಲ್ಲ. ತಕರಾರಿದ್ದದ್ದು ರಜಾಚೀಟಿಗಳ ಬಗ್ಗೆ. ಬೇರೆ ಊರುಗಳಲ್ಲಿ ಮಕ್ಕಳಿಗೆ ಜ್ವರ ಬರುತ್ತದೆ, ಹೊಟ್ಟೆನೋವು ಬರುತ್ತದೆ. ನಮ್ಮ ಊರಿನಲ್ಲಿ ಎಲ್ಲ ಚೀಟಿಯಲ್ಲೂ ಒಂದೇ ವಾಕ್ಯ: ಹುಳ ಹಣ್ಣಾಗಿದೆ.

ಹುಳ ಸಾಕದವರಿಗೆ ಇದನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ರೇಷ್ಮೆ ಹುಳು ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಒಂದು ವಾರ ರಾಕ್ಷಸನ ಹಾಗೆ ತಿಂದು, ಆಮೇಲೆ ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಅದೇ ಹಣ್ಣಾಗುವುದು. ಆ ದಿನವೇ ಒಂದೊಂದನ್ನೂ ಕೈಯಿಂದ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೋ ತಟ್ಟೆಯ ಅಂಚಿಗೋ ಗೂಡು ಕಟ್ಟಿ ತಿಂಗಳ ದುಡಿಮೆಯೆಲ್ಲ ಹಾಳು. ಹಾಗಾಗಿ ಅಂದು ಮನೆಯವರ ಜೊತೆ ಅಕ್ಕಪಕ್ಕದ ಮನೆಯವರೂ ಮುಯ್ಯಾಳಾಗಿ ಬರುತ್ತಾರೆ. ಮಕ್ಕಳ ಬೆರಳು ಸಣ್ಣದಾದ್ದರಿಂದ ಅವರಿಗೆ ಮೊದಲ ಕರೆ.

ನನ್ನ ಚಿಂತೆ ಬರೀ ಹಾಜರಿಯದಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನಮ್ಮಲ್ಲಿ ಏಳನೇ ತರಗತಿಯವರೆಗೆ ಮಾತ್ರ ಇತ್ತು. ಎಂಟಕ್ಕೆ ಆರು ಮೈಲಿ ಹೋಗಬೇಕು. ಹುಡುಗರು ಸೈಕಲ್ಲು ತುಳಿದು ಹೋಗುತ್ತಿದ್ದರು. ಹುಡುಗಿಯರು ಏಳು ಮುಗಿಸಿದ ಮಾರನೆಯ ದಿನ ಸೊಪ್ಪಿನ ಕುಕ್ಕೆ ಹೊತ್ತುಕೊಳ್ಳುತ್ತಿದ್ದರು. ಆ ವರ್ಷ ಏಳನೆಯದರಲ್ಲಿ ನಾಗರತ್ನ ಎಂಬ ಹುಡುಗಿಯಿದ್ದಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಕೆಲವು ಸಲ ನನಗಿಂತ ಮೊದಲು, ಕೆಲವು ಸಲ ನನ್ನದಕ್ಕಿಂತ ಸರಿಯಾಗಿ. ಇವಳೂ ಕುಕ್ಕೆ ಹೊರುತ್ತಾಳಲ್ಲ ಎಂದು ನೆನೆದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಎಂಟನೇ ತರಗತಿ ಇಲ್ಲೇ ತೆರೆಯಬೇಕೆಂದು ಇನ್ಸ್‌ಪೆಕ್ಟರ್ ಸಾಹೇಬರ ಹಿಂದೆ ಬಿದ್ದೆ. ಅವರು, "ಪೋಷಕರ ಸಹಕಾರ ಇದೆಯೇನ್ರೀ? ನಲವತ್ತು ಮನೆಯವರು ಸಭೆಗೆ ಬಂದು, ನಮ್ಮ ಮಕ್ಕಳನ್ನು ಎಂಟಕ್ಕೂ ಇಲ್ಲೇ ಓದಿಸ್ತೀವಿ ಅಂತ ನನ್ನ ಕಣ್ಣೆದುರಿಗೆ ಸಹಿ ಹಾಕಲಿ. ಶಿಫಾರಸು ಬರೀತೀನಿ" ಎಂದರು. ಅದಕ್ಕೆ ಮುಂಚೆ ನಾನು ಕರೆದ ಮೂರು ಸಭೆಗಳಿಗೆ ಒಟ್ಟು ಬಂದವರು ಐದು ಜನ. ಅವರಲ್ಲಿ ಒಬ್ಬರು ದಾರಿ ತಪ್ಪಿ ಬಂದವರು.

ದಸರಾ ರಜೆ ಮುಗಿದ ಕೂಡಲೇ ಪತ್ರಿಕೆ ಹೊರಡಿಸಿದ್ದು ಇದಕ್ಕಾಗಿ. ಹೆಸರು 'ಶರದ್ವಾರ್ತೆ'. ಕನಕಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಸ್ನೇಹಿತರೊಬ್ಬರ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಮುದ್ರಣ. ಮೊದಲ ಪುಟದಲ್ಲಿ ಸಂಪಾದಕೀಯ, ಎರಡರಲ್ಲಿ ಶಾಲೆಯ ಸುದ್ದಿ, ಮೂರರಲ್ಲಿ ಮಕ್ಕಳ ಪದ್ಯ, ನಾಲ್ಕರಲ್ಲಿ ಸಭೆಗೆ ಆಹ್ವಾನ. ಅರವತ್ತು ಪ್ರತಿ ಹಂಚಿದೆ. ಮಾರನೆಯ ದಿನವೇ ಮಕ್ಕಳು ಬಂದು, "ಸಾ, ನಮ್ಮವ್ವ ಇನ್ನೂ ನಾಕು ಬೇಕಂತೆ", "ಸಾ, ನಮ್ಮನೇಗೆ ಹತ್ತು" ಎನ್ನತೊಡಗಿದರು. ಮಕ್ಕಳಿಲ್ಲದ ಮನೆಗಳವರೂ ಕೇಳಿ ಕಳಿಸಿದರು. ನಾನು ಎರಡು ಸಲ ಕನಕಪುರಕ್ಕೆ ಓಡಿ ಮರುಮುದ್ರಣ ಮಾಡಿಸಿದೆ. ಶಾಯಿ ಹತ್ತಿ ಇದ್ದಿಲಿನಂತೆ ಕಪ್ಪಾದ ಕೈಯನ್ನು ಬೇಕೆಂದೇ ತೊಳೆಯದೆ ಬಸ್ಸಿನಲ್ಲಿ ಬಂದೆ.

ಮಗಳು ವಿಮಲ ನಮ್ಮ ಶಾಲೆಯಲ್ಲೇ ಏಳನೇ ತರಗತಿಯಲ್ಲಿದ್ದಳು. ಒಂದು ಸಂಜೆ, "ಅಪ್ಪಾ, ನಾಗರತ್ನನ ಮನೇಲಿ ನಿಮ್ಮ ಪೇಪರ್ ಎಲ್ಲಾ ಸಾಲಾಗಿ ಹಾಸಿಟ್ಟಿದಾರೆ, ನೋಡಿದೀರಾ?" ಎಂದಳು. ಹಾಸಿಟ್ಟಿದ್ದಾರೆ ಎಂದರೆ ಜೋಪಾನವಾಗಿ ಇಟ್ಟಿರಬೇಕು ಎಂದುಕೊಂಡು, ನಶ್ಯ ಏರಿಸಿ, ಹೊರಟೆ. ನಾಗರತ್ನಳ ತಾಯಿ ಪುಟ್ಟಮ್ಮನವರು ಜಗಲಿಯ ಮೇಲೆ ಹುಳುವಿನ ತಟ್ಟೆಯ ಕಸ ತೆಗೆಯುತ್ತಿದ್ದರು. ಗೋಡೆಗೆ ಒರಗಿಸಿದ್ದ ಬಿದಿರಿನ ತಟ್ಟೆಯ ತಳದಲ್ಲಿ ನನ್ನ ಸಂಪಾದಕೀಯವಿತ್ತು. ಅದರ ಮೇಲೆ ಹುಳುವಿನ ಹಿಕ್ಕೆಯಿತ್ತು. 'ಮಾನ್ಯ ಪೋಷಕರೇ' ಎಂಬುದು ಮಾತ್ರ ಚೊಕ್ಕವಾಗಿ ಕಾಣುತ್ತಿತ್ತು.

"ಅಲ್ಲೇ ನಿಂತ್ಕಳಿ ಮೇಷ್ಟ್ರೇ, ನಶ್ಯದ್ ವಾಸ್ನೆಗೆ ಹುಳ ಸಾಯ್ತವೆ" ಎಂದರು ಪುಟ್ಟಮ್ಮ. ಮತ್ತೆ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, "ಒಳ್ಳೆ ದಪ್ಪನ್ ಕಾಗ್ದ. ಮೂರು ದಿನ ಬಿಸ್ಲಿಗೆ ಹಾಕಿ, ಸಾಯಿ ವಾಸ್ನೆ ಹೋದ್ಮೇಲೆ ಹಾಸಿದ್ವಿ" ಎಂದು ಸಮಾಧಾನ ಹೇಳಿದರು.

"ಓದದೇ ಹಾಸಿಬಿಟ್ರಾ ತಾಯಿ?" ಎಂದೆ.

"ಯಾಕ್ ಓದ್ಲಿಲ್ಲ? ನಾಕ್ನೇ ಕ್ಲಾಸ್ ಓದಿವ್ನಿ ನಾನು. ಸೊಪ್ಪು ಹಾಕುವಾಗೆಲ್ಲ ಹುಳ ಒಸಿ ಸರ್ಸಿ ಸರ್ಸಿ ಓದ್ದೆ. 'ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವವರು ಮಕ್ಕಳ ಹೊಟ್ಟೆಗೆ ಅಕ್ಷರ ಹಾಕುವುದನ್ನು ಮರೆತಿದ್ದಾರೆ' ಅಂತ ಬರ್ದಿದ್ದೀರಿ. ಅಕ್ಸರ ಹಾಕೋದು ನಿಮ್ ಕೆಲ್ಸ ಅಲ್ವಾ ಮೇಷ್ಟ್ರೇ? ಅದ್ಕೇ ತಾನೇ ನಿಮ್ ತಾವ ಕಳ್ಸಾದು. ಸಬೆಗೆ ಬನ್ನಿ ಬನ್ನಿ ಅಂತೀರಿ. ನೀವು ಬಂದು ಆರು ವರ್ಸ ಆಯ್ತು, ಈ ಬಾಗ್ಲು ತುಳ್ದಿದ್ದು ಇವತ್ತೇ."

ಆರು ವರ್ಷದಲ್ಲಿ ನನ್ನ ಬರಹವನ್ನು ಅಕ್ಷರ ಬಿಡದೆ ಓದಿ ಉತ್ತರ ಕೊಟ್ಟ ಏಕೈಕ ಓದುಗರು ಅವರು. ಸಂತೋಷಪಡಬೇಕೋ ನೆಲಕ್ಕಿಳಿದುಹೋಗಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಮುಖ ಊದಿಸಿ ಕೂತೆ. ಹೆಂಡತಿ ಎರಡು ವಾರದ ಮಾತನ್ನು ಎತ್ತಲಿಲ್ಲ, ಕಾಫಿ ಮಾತ್ರ ಕೊಟ್ಟಳು. ಕಾಫಿ ಕುಡಿದ ಮೇಲೆ ನನಗೆ ಹಠ ಬಂತು. ಇವರು ಹುಳು ಬಿಟ್ಟು ಬರುವುದಿಲ್ಲ ತಾನೇ, ಹುಳುವಿಗೆ ಬಿಡುವಿರುವ ದಿನವೇ ಸಭೆ ಇಟ್ಟರಾಯಿತು ಎಂದು ನಿಶ್ಚಯಿಸಿದೆ. ಮಾರನೆಯ ದಿನದಿಂದ ನಶ್ಯದ ಡಬ್ಬಿ ಮನೆಯಲ್ಲಿಟ್ಟು, ಮನೆಮನೆ ತಿರುಗಿ, ಯಾರ ಹುಳು ಎಷ್ಟನೆಯ ಜ್ವರದಲ್ಲಿದೆ ಎಂದು ಬರೆದುಕೊಂಡೆ. ಹೆಡ್‌ಮಾಸ್ಟರ ಕೊಠಡಿಯ ಬೋರ್ಡಿನ ಮೇಲೆ ಸುಭಾಷಿತ ಬರೆಯುವ ಜಾಗದಲ್ಲಿ ಊರಿನ ಹುಳುಗಳ ಜಾತಕವೇ ತಯಾರಾಯಿತು. ಕೂಡಿಸಿ ಕಳೆದು ನೋಡಿದರೆ ದೀಪಾವಳಿ ಕಳೆದ ಎರಡನೆಯ ಶನಿವಾರ ಊರಿನಲ್ಲಿ ಒಂದು ಹುಳುವೂ ಹಣ್ಣಾಗುವುದಿಲ್ಲ. ಇನ್ಸ್‌ಪೆಕ್ಟರಿಗೆ ಕಾಗದ ಹಾಕಿದೆ.

ನಾನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಚಳಿಯನ್ನು. ಆ ವಾರ ಮೋಡ ಕವಿದು ಶೀತಗಾಳಿ ಬೀಸಿತು. ಚಳಿಗೆ ಹುಳು ಸೊಪ್ಪು ತಿನ್ನುವುದು ನಿಧಾನ, ಹಣ್ಣಾಗುವುದೂ ನಿಧಾನ. ಗುರುವಾರ ಹಣ್ಣಾಗಬೇಕಿದ್ದ ಪುಟ್ಟಮ್ಮನವರ ಹುಳು ಸರಿಯಾಗಿ ಶನಿವಾರ ಬೆಳಗ್ಗೆ ತಲೆಯೆತ್ತಿತು. ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರು ಬಸ್ಸಿಳಿದು ಬಂದಾಗ ಶಾಲೆಯಲ್ಲಿ ನಾನು, ಇಬ್ಬರು ಮೇಷ್ಟ್ರು, ಮಾವಿನೆಲೆಯ ತೋರಣ. ವಿಮಲ ಓಡಿಬಂದು, "ಅಪ್ಪಾ, ಎಲ್ಲರೂ ನಾಗರತ್ನನ ಮನೇಲಿದಾರೆ, ಮುಯ್ಯಾಳಿಗೆ" ಎಂದಳು.

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು, "ಹಾಗಾದರೆ ನಾನು ಬಂದ ಬಸ್ಸಿಗೇ ವಾಪಸು..." ಎಂದರು. ನಾನು ಜನ್ಮದಲ್ಲಿ ಮೇಲಧಿಕಾರಿಯ ಮಾತಿಗೆ ಎದುರಾಡಿದವನಲ್ಲ. ಆದರೆ ಅಂದು ಅವರ ಚೀಲವನ್ನು ನನ್ನ ಕಂಕುಳಿಗೆ ಇರುಕಿಕೊಂಡು, "ಸಭೆ ಸ್ಥಳ ಬದಲಾಗಿದೆ ಸಾರ್, ಅಷ್ಟೇ" ಎಂದು ಹೊರಟೇಬಿಟ್ಟೆ. ಚೀಲದ ಹಿಂದೆ ಅವರೂ ಬಂದರು.

ಬಾಗಿಲಲ್ಲಿ ಪುಟ್ಟಮ್ಮನವರು ಅಧಿಕಾರಿ ಎಂದು ನೋಡಲಿಲ್ಲ. ಕೈಕಾಲು ತೊಳೆಸಿದರು. ಸಾಹೇಬರ ತಲೆಯ ಕಡೆ ಒಂದು ಸಲ ಮೂಗರಳಿಸಿ, "ಗಮಗಮಾ ಅನ್ನೋ ಎಣ್ಣೆ ಹಾಕವ್ರೆ. ಹಿಂಗೇ ಬುಟ್ರೆ ಹುಳ ಕೆಡ್ತವೆ" ಎಂದು ಒದ್ದೆ ಟವೆಲ್ಲನ್ನು ಬಿಗಿಯಾಗಿ ಸುತ್ತಿದರು. ಇನ್ಸ್‌ಪೆಕ್ಟರ್ ಸಾಹೇಬರು ಆ ರುಮಾಲಿನಲ್ಲಿ ಮದುವೆ ಗಂಡಿನ ಸೋದರಮಾವನ ಹಾಗೆ ಕಾಣುತ್ತಿದ್ದರು. ಸುಮ್ಮನೆ ಕೂತವರಿಗೆ ಆ ಮನೆಯಲ್ಲಿ ಜಾಗವಿರಲಿಲ್ಲವಾಗಿ ಅವರ ಮುಂದೆಯೂ ಒಂದು ತಟ್ಟೆ ಬಂತು. ಮೊದಲ ಹುಳುವನ್ನು ಎತ್ತುವಾಗ ಮುಖ ಸಿಂಡರಿಸಿದರು. ಹತ್ತನೆಯದಕ್ಕೆ ಪಕ್ಕದ ಮುದುಕರೊಡನೆ, ಇದು ಹಣ್ಣೋ ಕಾಯೋ ಎಂದು ವಾದಕ್ಕಿಳಿದಿದ್ದರು. ನಾನು ಹುಳು ಆರಿಸುತ್ತಲೇ ಎಂಟನೇ ತರಗತಿಯ ವಿಷಯ ಹೇಳಿದೆ. ಸಂಪಾದಕೀಯದ ಭಾಷೆ ಒಂದೂ ಬಾಯಿಗೆ ಬರಲಿಲ್ಲ. "ಹುಡುಗೀರು ಓದ್ಲಿ. ಹುಳ ಹಣ್ಣಾದ ದಿವಸ ಅರ್ಧ ದಿನ ಬಿಡ್ತೀನಿ, ಬಾಕಿ ದಿವಸ ನೀವು ಬಿಡಬೇಡಿ" ಎಂದಷ್ಟೇ ಹೇಳಿದೆ. "ಹಂಗಂದ್ರೆ ಸರಿ ಕಣ್ ಬುಡಿ" ಎಂದರು ಯಾರೋ.

ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆಗಳು ತುಂಬಿದವು. ನಾಗರತ್ನ ಮನೆಗಳ ಪಟ್ಟಿ ಹಿಡಿದು ಹೆಸರು ಓದುತ್ತಾ ಹೋದಳು, ಒಬ್ಬೊಬ್ಬರೇ ಬಂದು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು. ಅವಳೇ ಎಣಿಸಿ, ಮತ್ತೊಮ್ಮೆ ಎಣಿಸಿ, "ಮೂವತ್ತೊಂಬತ್ತು ಸಾ" ಎಂದಳು. ಉಳಿದ ಮನೆಯವರು ಗೂಡು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದರು. ಇನ್ಸ್‌ಪೆಕ್ಟರು ರುಮಾಲು ಬಿಚ್ಚುತ್ತಾ, "ನಲವತ್ತು ಅಂದರೆ ನಲವತ್ತು ಮೇಷ್ಟ್ರೇ. ಮೇಲಿನವರಿಗೆ ಹಾಗೇ ಬರೆದುಬಿಟ್ಟಿದೀನಿ" ಎಂದರು. ನಿಜವಾಗಿಯೂ ಅವರಿಗೂ ಬೇಸರವಾಗಿತ್ತು. ನಾಗರತ್ನ ಪಟ್ಟಿಯಿಂದ ಕಣ್ಣೆತ್ತಲಿಲ್ಲ.

ಪುಟ್ಟಮ್ಮನವರು ಸೆರಗಿಗೆ ಕೈಯೊರೆಸಿಕೊಂಡು ಬಂದು ಪಟ್ಟಿ ನೋಡಿದರು. "ಇನ್ನೊಂದು ಮನೆ ಉಳ್ಕಂಡೈತಲ್ಲ. ವಿಮಲಂದು. ನೀವ್ ಯಾಕ್ ಹಾಕಿಲ್ಲ ಮೇಷ್ಟ್ರೇ?"

ಇಷ್ಟು ಹೊತ್ತೂ ಹೇಳದೆ ಜಾರಿಕೊಳ್ಳುತ್ತಿದ್ದ ಒಂದು ವಿಷಯವನ್ನು ಈಗ ಹೇಳಲೇಬೇಕು. ವಿಮಲಳನ್ನು ಎಂಟಕ್ಕೆ ಮಾಗಡಿಯಲ್ಲಿರುವ ನನ್ನ ಹೆಂಡತಿಯ ಅಣ್ಣನ ಮನೆಗೆ ಕಳಿಸುವುದೆಂದು ನಾನು ದಸರಾಕ್ಕೆ ಮುಂಚೆಯೇ ಕಾಗದ ಬರೆದು ಗೊತ್ತುಮಾಡಿದ್ದೆ. ಊರಿನ ಹುಡುಗಿಯರಿಗೆ ಇಲ್ಲಿ ಎಂಟನೇ ತರಗತಿ ಬೇಕು ಎಂದು ನಾನು ಹೋರಾಡುತ್ತಿದ್ದದ್ದು ನಿಜ. ನನ್ನ ಮಗಳಿಗೆ ಅದು ಬೇಡ ಎಂದುಕೊಂಡಿದ್ದದ್ದೂ ಅಷ್ಟೇ ನಿಜ. ಇವೆರಡೂ ಒಂದೇ ತಲೆಯಲ್ಲಿ ಜಗಳವಾಡದೆ ಹೇಗೆ ಬಾಳಿದವೋ ದೇವರೇ ಬಲ್ಲ. ಮೂವತ್ತೊಂಬತ್ತು ಮನೆಯವರು ನನ್ನನ್ನೇ ನೋಡುತ್ತಿದ್ದರು. ನನಗೆ ಬಹಳ ನಾಚಿಕೆಯಾಯಿತು. ವಿಮಲಳ ಕಡೆ ತಿರುಗಿದೆ. "ನಾನು ನಾಗರತ್ನನ ಜೊತೇನೇ ಇರ್ತೀನಪ್ಪ" ಎಂದಳು, ಯಾವಾಗ ಕೇಳುತ್ತೀರೋ ಎಂದು ಕಾದಿದ್ದವಳ ಹಾಗೆ. ಸಹಿ ಹಾಕಿದೆ. ಆರು ವರ್ಷದಲ್ಲಿ 'ತಂದೆ' ಎಂಬ ಕಾಲಮಿನಲ್ಲಿ ನನ್ನ ಮೊದಲ ಸಹಿ.

ಮುಂದಿನ ಜೂನ್‌ನಲ್ಲಿ ಎಂಟನೇ ತರಗತಿ ತೆರೆಯಿತು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಮಾಗಡಿಯ ಭಾವನಿಗೆ, ಮಗು ಬರುವುದಿಲ್ಲ ಎಂದು ನಾನು ಬರೆದ ಕಾಗದಕ್ಕೆ ಮಾತ್ರ ಇಕ್ಕಟ್ಟಿಗೆ ಸಿಕ್ಕಿಸುವ ಉತ್ತರ ಬಂತು: "ಅಲ್ಲಿ ಲೆಕ್ಕ ಹೇಳಿಕೊಡುವವರು ಅಷ್ಟಕ್ಕಷ್ಟೇ, ಅದಕ್ಕೇ ಕಳಿಸುತ್ತಿದ್ದೇನೆ ಎಂದು ಹಿಂದೆ ಬರೆದಿದ್ದಿರಿ. ಈಗ ಬೇರೆ ಮೇಷ್ಟ್ರು ಬಂದರೇ?" ನಮ್ಮ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನು ನಾನೇ. ಬೇರೆಯವರು ಬಂದಿಲ್ಲ, ಇರುವವನೇ ಈಗ ಮನೆಯಲ್ಲಿ ಓದಿಕೊಂಡು ಪಾಠಕ್ಕೆ ಹೋಗುತ್ತಿದ್ದಾನೆ ಎಂದು ಬರೆದು ಹಾಕಿದೆ. ಅವನು ಯಾರೆಂದು ಭಾವ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.